ಮಗಳ ಕಾಲೇಜು, ಏಪ್ರಿಲ್ ತಿಂಗಳು

ಏಪ್ರಿಲ್ 2, 2025, ಬುಧವಾರ
ಎಡಿಸನ್, ನ್ಯೂಜೆರ್ಸಿ

ಪೆನ್ಸಿಲ್ವೇನಿಯಾದ ಕಾಲೇಜಿನಿಂದ ಹಣಕಾಸು ನೆರವಿನ ಪತ್ರವೂ ಬಂತು. ಮಗಳು ಮನಸ್ಸಿಟ್ಟಿರುವುದು ಅದರ ಮೇಲೆಯೇ. ‘ಒಟ್ಟು ನೆರವು 61,500 ಡಾಲರ್’ ಎಂದು ದಪ್ಪಕ್ಷರದಲ್ಲಿ ಕಂಡು ಕುಣಿದಾಡಿದಳು. ಅವಳು ಮಲಗಿದ ಮೇಲೆ ನಾನು ಬಿಡಿಸಿ ಬರೆದುಕೊಂಡೆ. ವರ್ಷದ ಖರ್ಚು 86,000. ಅದರಲ್ಲಿ ಗ್ರ್ಯಾಂಟ್ 38,000 ಮಾತ್ರ. 5,500 ಅವಳ ಹೆಸರಿನ ಫೆಡರಲ್ ಸಾಲ, 3,000 ಕ್ಯಾಂಪಸ್ಸಿನಲ್ಲಿ ದುಡಿದರೆ ಸಿಗುವ ಸಂಬಳ, 15,000 ನಮ್ಮ ತಲೆಯ ಮೇಲೆ ಬರುವ ಪೇರೆಂಟ್ ಪ್ಲಸ್ ಸಾಲ. ಅದಕ್ಕೆ 2024–25ರ ಬಡ್ಡಿ ಶೇ 9.08, ಕೊಡುವಾಗಲೇ ಶೇ 4ಕ್ಕೂ ಹೆಚ್ಚು ಶುಲ್ಕ ಮುರಿದುಕೊಳ್ಳುತ್ತಾರೆ. ನಿಜವಾಗಿ ನಾವು ಹೊಂದಿಸಬೇಕಾದದ್ದು 48,000.

ತೀರಿಸಬೇಕಾದ ಸಾಲವನ್ನು ನೆರವಿನ ಸಾಲಿನಲ್ಲಿ ಕೂಡಿಸುವುದು ಅನ್ಯಾಯ. ನನ್ನೊಬ್ಬಳ ದೂರಲ್ಲ ಇದು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿ, ಸುಮಾರು ಶೇ 91ರಷ್ಟು ಕಾಲೇಜುಗಳು ನಿವ್ವಳ ಖರ್ಚನ್ನು ಕಡಿಮೆ ತೋರಿಸುತ್ತವೆ, ಇಲ್ಲವೇ ತೋರಿಸುವುದೇ ಇಲ್ಲ ಎಂದಿತ್ತು.

ಏಪ್ರಿಲ್ 5, ಶನಿವಾರ

ಮೂರು ಪತ್ರಗಳನ್ನೂ ಒಂದೇ ಹಾಳೆಗೆ ಇಳಿಸಿದೆವು. ಒಟ್ಟು ಖರ್ಚಿನಿಂದ ಗ್ರ್ಯಾಂಟ್, ಸ್ಕಾಲರ್‌ಶಿಪ್ ಮಾತ್ರ ಕಳೆಯುವುದು, ಬೇರೇನನ್ನೂ ಅಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯ 28,000. ಒಹಾಯೋದ ಸಣ್ಣ ಕಾಲೇಜು 29,500. ಒಹಾಯೋದವರು ಕೊಟ್ಟ 44,500ರಲ್ಲಿ 24,000 ಮೆರಿಟ್ ಹಣ. ಪ್ರತಿ ವರ್ಷ 3.3 ಜಿಪಿಎ ಉಳಿಸಿಕೊಳ್ಳಬೇಕು. ಫೀಸು ಏರಿದರೂ ಆ ಮೊತ್ತ ಏರುವುದಿಲ್ಲ ಎಂಬುದು ಫೋನು ಮಾಡಿ ಕೇಳಿದ ಮೇಲಷ್ಟೇ ಗೊತ್ತಾಯಿತು.

ಏಪ್ರಿಲ್ 8, ಮಂಗಳವಾರ

ನೆರವು ಹೆಚ್ಚಿಸಿ ಎಂದು ಕಾಲೇಜುಗಳಿಗೆ ಅಪೀಲು ಬರೆಯೋಣ ಎಂದರೆ ಇವರಿಗೆ ಸಂಕೋಚ. “ಕೊಟ್ಟಿದ್ದು ಸಾಲದು ಅಂತ ಮತ್ತೆ ಕೈ ಚಾಚೋದಾ?” ಎಂದರು. ಮರ್ಯಾದಸ್ಥರ ಮನೆಯಲ್ಲಿ ಬೆಳೆದವರು, ಆ ನೋವು ನನಗೆ ಅರ್ಥವಾಗುತ್ತದೆ. ಆದರೆ 2025–26ರ ಫ್ಯಾಫ್ಸಾ, ಅಂದರೆ ಫೆಡರಲ್ ನೆರವಿನ ಅರ್ಜಿ, ನೋಡುವುದು 2023ರ ತೆರಿಗೆ ಲೆಕ್ಕವನ್ನು. ಆಗ ಇವರಿಗೆ ಪೂರ್ತಿ ಸಂಬಳ ಬರುತ್ತಿತ್ತು. ಲೇಆಫ್ ಆದದ್ದು ಕಳೆದ ಅಕ್ಟೋಬರಿನಲ್ಲಿ. ಕಾಲೇಜಿನ ಕಣ್ಣಿಗೆ ಕಾಣುತ್ತಿರುವುದು ಈಗಿಲ್ಲದ ಒಂದು ಸಂಸಾರ! ಪರಿಸ್ಥಿತಿ ಬದಲಾಗಿದ್ದರೆ ಲೆಕ್ಕ ತಿದ್ದುವ ಅಧಿಕಾರವನ್ನು ನೆರವಿನ ಅಧಿಕಾರಿಗೆ ಕಾನೂನೇ ಕೊಟ್ಟಿದೆ. ಬಂದ ಕೋರಿಕೆಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವ ನಿಯಮ ಇಟ್ಟುಕೊಳ್ಳುವಂತೆಯೂ ಇಲ್ಲ. “ನಿಜ ಹೇಳೋದು ಭಿಕ್ಷೆ ಅಲ್ಲ ರೀ” ಎಂದೆ. ಒಪ್ಪಿದರು.

ಪತ್ರ ಒಂದೇ ಪುಟ. ಗೋಳಾಟ ಬೇಡವೆಂದು ಮಗಳೇ ಎರಡು ವಾಕ್ಯ ಹೊಡೆದುಹಾಕಿದಳು. ಲೇಆಫ್ ಪತ್ರ, ನಿರುದ್ಯೋಗ ಭತ್ಯೆಯ ವಿವರ, ನನ್ನ ಸಂಬಳದ ಚೀಟಿ, ಹಾಸನದಲ್ಲಿ ಅತ್ತೆಯ ಆಪರೇಷನ್ನಿಗೆ ನಾವು ಕಟ್ಟಿದ ಬಿಲ್ಲುಗಳು ಎಲ್ಲ ಜೊತೆಗಿಟ್ಟೆವು. ಪೆನ್ಸಿಲ್ವೇನಿಯಾಕ್ಕೆ ಒಹಾಯೋದ ಪತ್ರವನ್ನೂ ಲಗತ್ತಿಸಿದೆವು. ಎಷ್ಟು ಕಟ್ಟಬಲ್ಲೆವು ಎಂದು ಅಂಕಿಯಲ್ಲೇ ಬರೆದೆವು.

ಏಪ್ರಿಲ್ 24, ಗುರುವಾರ

ಪೆನ್ಸಿಲ್ವೇನಿಯಾದವರು 9,000 ಹೆಚ್ಚಿಸಿದ್ದಾರೆ. ಆದರೂ 39,000. ಒಹಾಯೋ 4,500 ಸೇರಿಸಿ 25,000ಕ್ಕೆ ಬಂತು. ನಮ್ಮ ರಾಜ್ಯದ್ದು ಬದಲಾಗಲಿಲ್ಲ. ಮಗಳು ಬಾಗಿಲು ಹಾಕಿಕೊಂಡು ಅತ್ತಳು. ಸಮಾಧಾನ ಹೇಳಲು ಹೋಗಲಿಲ್ಲ. ಹದಿನೇಳರ ಹುಡುಗಿಗೆ ಅಳುವ ಹಕ್ಕಿದೆ. ಆಮೇಲೆ ತಾನೇ ಎದ್ದು ಬಂದು, ಪೆನ್ಸಿಲ್ವೇನಿಯಾಕ್ಕೂ ಒಹಾಯೋಗೂ ವರ್ಷಕ್ಕೆ 14,000 ವ್ಯತ್ಯಾಸ, ಅಂದರೆ ನಾಲ್ಕು ವರ್ಷಕ್ಕೆ 56,000 ಎಂದು ಲೆಕ್ಕ ಹಾಕಿದಳು.

ಏಪ್ರಿಲ್ 28, ಸೋಮವಾರ

ಒಹಾಯೋಗೆ ಡೆಪಾಸಿಟ್ ಕಟ್ಟಿದೆವು. ಮೇ 1 ಕೊನೆಯ ದಿನ. ಪೇರೆಂಟ್ ಪ್ಲಸ್ ಸಾಲ ತೆಗೆಯುತ್ತಿಲ್ಲ. ಮುಂದಿನ ಫ್ಯಾಫ್ಸಾ ಅಕ್ಟೋಬರಿನಲ್ಲಿ ತುಂಬಬೇಕು, ಅದರಲ್ಲಿ 2024ರ ಆದಾಯ ಲೆಕ್ಕಕ್ಕೆ ಬರುತ್ತದೆ.