ಅರವತ್ತು ಸಾವಿರದ ವಿಮಾನ

ಗಣಕಯಂತ್ರವನ್ನು ಕೊಂಡು ತರುವುದು ಬೇರೆ. ಅದರ ಅಂಗೋಪಾಂಗಗಳನ್ನು ಒಂದೊಂದಾಗಿ ಆರಿಸಿ ಕೂಡಿಸುವುದು ಬೇರೆ. ಹುಣಸೂರಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವನ್ನು ತಂದವನು ನನ್ನ ಮಗಳ ಮಗ.

ಪಿರಿಯಾಪಟ್ಟಣದ ಸಮೀಪದ ಹಳ್ಳಿಯಲ್ಲಿರುವ ಆ ಹುಡುಗನಿಗೆ ಎಳವೆಯಿಂದಲೂ ವಿಮಾನದ ಹುಚ್ಚು. ಆದರೆ ಅವನ ಕಣ್ಣಿಗೆ ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದು. ವಿಮಾನಚಾಲಕವೃತ್ತಿಯ ವೈದ್ಯಪರೀಕ್ಷೆಯಲ್ಲಿ ವರ್ಣಜ್ಞಾನವನ್ನೂ ನೋಡುವುದರಿಂದ, ಆ ಬಾಗಿಲು ತನಗಿಲ್ಲವೆಂಬುದನ್ನು ಅವನು ಹದಿನೇಳನೆಯ ವಯಸ್ಸಿಗೇ ತಿಳಿದುಕೊಂಡನು. ಹಾರಾಟವನ್ನು ಅನುಕರಿಸಬಲ್ಲ, ಬಿಡುವಿನಲ್ಲಿ ಇತರ ಆಟಗಳನ್ನೂ ಆಡಬಲ್ಲ ಯಂತ್ರವೊಂದು ಮನೆಯಲ್ಲಿದ್ದರೆ ಸಾಕೆಂದು ಅವನ ಬೇಡಿಕೆ. ಅಳಿಯಂದಿರು ಹೊಗೆಸೊಪ್ಪಿನ ಹರಾಜಿನಿಂದ ಬಂದ ಹಣದಲ್ಲಿ 60,000 ರೂಪಾಯಿಗಳನ್ನು ನನ್ನ ಮುಂದಿಟ್ಟು, “ಮಾವ, ಇದು ಬ್ಯಾರನ್ ರಿಪೇರಿಗೆಂದು ತೆಗೆದಿಟ್ಟಿದ್ದ ದುಡ್ಡು. ಆಟದ ಸಾಮಾನಿಗೆ ಹಾಕಬಹುದೇ, ನೀವೇ ಹೇಳಿ” ಎಂದರು.

ಆಟದ ಸಾಮಾನೆಂಬ ಮಾತನ್ನು ನಾನು ಒಪ್ಪಲಿಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು, ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದ ತನ್ನ ತಂದೆಯ ಕಾರ್ಖಾನೆಯ ತಿದಿಗಳನ್ನೇ ಬಳಸಿ, ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನವೊಂದನ್ನು ಮಾಡಿದನು. ಮೊದಲು ಅದನ್ನು ಕೊಂಡವರಲ್ಲಿ ವಿನೋದೋದ್ಯಾನಗಳವರೂ ಇದ್ದರು. ಎರಡನೆಯ ಮಹಾಯುದ್ಧದಲ್ಲಾದರೋ ಲಕ್ಷಾಂತರ ಚಾಲಕರು ಅಂತಹ ಪೆಟ್ಟಿಗೆಗಳಲ್ಲಿ ಕುಳಿತೇ ಕಲಿತರು. ಅಳಿಯಂದಿರು ಮರುಮಾತಾಡಲಿಲ್ಲ, ಹಣವನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಹಣ ಅಲ್ಪವಾಗಿರುವಾಗ ಮೊದಲು ನಿಶ್ಚಯಿಸಬೇಕಾದುದು, ಪ್ರಧಾನವಾವುದು, ಅಂಗವಾವುದು ಎಂಬುದನ್ನು. ಮೀಮಾಂಸಕರ ಈ ವಿಂಗಡಣೆ ಅಂಗಡಿಯಲ್ಲಿಯೂ ಉಪಯೋಗಕ್ಕೆ ಬರುವುದು. ಮೈಸೂರಿನ ಒಂದು ಅಂಗಡಿಯವರು ಬರೆದುಕೊಟ್ಟ ಪಟ್ಟಿಯಲ್ಲಿ ಅರ್ಧಕ್ಕೂ ಮಿಕ್ಕ ಹಣ ಗ್ರಾಫಿಕ್ಸ್ ಕಾರ್ಡಿಗೂ, ಬಣ್ಣದ ದೀಪಗಳು ಮಿನುಗುವ ಗಾಜಿನ ಕ್ಯಾಬಿನೆಟ್ಟಿಗೂ ಹೋಗಿತ್ತು. ಬಣ್ಣ ತಿಳಿಯದ ಹುಡುಗನಿಗೆ ದೀಪಾಲಂಕಾರ! ಪವರ್ ಸಪ್ಲೈ ಯಾವ ಕಂಪನಿಯದೆಂಬುದನ್ನೇ ಬರೆದಿರಲಿಲ್ಲ.

ಗುಂಡು ಹಾರಿಸುವ ಆಟಗಳಿಗೆ ಕಾರ್ಡೇ ಪ್ರಧಾನವೆನ್ನಬಹುದು. ಅಲ್ಲಿ ಸೆಕೆಂಡಿಗೆ 60 ಚಿತ್ರಗಳಾದರೂ ಮೂಡಬೇಕು. ಹಾರಾಟಕ್ಕೆ 30 ಚಿತ್ರಗಳು ತಡೆಯಿಲ್ಲದೆ ಬಂದರೆ ಸಾಕು. ಆದರೆ ಗಾಳಿ, ರೆಕ್ಕೆ, ಎಂಜಿನ್ನು, ಇತರ ವಿಮಾನಗಳ ಸಂಚಾರ, ಇವುಗಳ ಲೆಕ್ಕದ ಬಹುಭಾಗ ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುವುದು. ಆದಕಾರಣ ಕೋರುಗಳ ಸಂಖ್ಯೆಗೆ ಮರುಳಾಗದೆ, ಒಂದೊಂದು ಕೋರಿನ ವೇಗವನ್ನು ನೋಡಿ ಆರು ಕೋರಿನ ಪ್ರೊಸೆಸರನ್ನು ಆರಿಸಿದೆವು. ರ್‍ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳದೆ 8ರ ಎರಡು ಪಟ್ಟಿಗಳಾಗಿ ಕೊಂಡೆವು. ಜೋಡೆತ್ತಿನಂತೆ ಎರಡೂ ಕೂಡಿ ಎಳೆಯುವುವು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿಗೆ 8 ಜಿಬಿ ಕನಿಷ್ಠವೆಂದಿದ್ದ ತಯಾರಕರೇ 2024ರದಕ್ಕೆ 16 ಎಂದುಬಿಟ್ಟರು. ಮುಂದೆ ಸೇರಿಸಲು ಸ್ಥಳವಿರಲೆಂದು ನಾಲ್ಕು ಸ್ಲಾಟುಗಳ ಮದರ್‌ಬೋರ್ಡನ್ನು ಹುಡುಗನೇ ಹುಡುಕಿದನು. ಕಾರ್ಡು ಮಧ್ಯಮ ತರಗತಿಯದು, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ದೊರೆಯಿತು. ಯಾರೋ ಬಳಸಿದ ಕಾರ್ಡು ಅಗ್ಗವಾಗಿ ಸಿಗುತ್ತಿತ್ತು, ಗ್ಯಾರಂಟಿಯಿಲ್ಲದ್ದರಿಂದ ಬೇಡವೆಂದೆವು.

ಪವರ್ ಸಪ್ಲೈ ವಿಷಯದಲ್ಲಿ ನಾನು ಹಠ ಹಿಡಿದೆನು. ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಹೊರಟರೆ ವೋಲ್ಟೇಜು ಕುಗ್ಗುವುದು, ನಿಂತರೆ ಏರುವುದು. ಹೆಸರಿಲ್ಲದ ಪವರ್ ಸಪ್ಲೈ ಕೆಟ್ಟರೆ ತಾನೊಂದೇ ಹೋಗದೆ ಕಾರ್ಡು, ಮದರ್‌ಬೋರ್ಡುಗಳನ್ನೂ ಸಂಗಡ ಕರೆದೊಯ್ಯಬಲ್ಲದು. ‘80 ಪ್ಲಸ್’ ಮುದ್ರೆ ದಕ್ಷತೆಯನ್ನು ಮಾತ್ರ ಹೇಳುವುದರಿಂದ, ಗ್ಯಾರಂಟಿ ಎಷ್ಟು ವರ್ಷದ್ದೆಂದೂ ವಿಚಾರಿಸಿ 550 ವ್ಯಾಟಿನದೊಂದನ್ನು ಕೊಂಡು, ಗಾಜಿನ ಕ್ಯಾಬಿನೆಟ್ಟನ್ನು ಬಿಟ್ಟು ಉಳಿದ ಹಣವನ್ನು ಯುಪಿಎಸ್ಸಿಗೆ ಹಾಕಿದೆವು. ಹಳೆಯ ಮಾನಿಟರ್ ಮನೆಯಲ್ಲಿಯೇ ಇತ್ತು. ಜಾಯ್‌ಸ್ಟಿಕ್ಕಿನಲ್ಲಿ ಉಜ್ಜಿ ಸವೆಯುವ ಪೊಟೆನ್ಶಿಯೋಮೀಟರಿಗಿಂತ ಅಯಸ್ಕಾಂತದಿಂದ ನಡೆಯುವ ಹಾಲ್ ಸೆನ್ಸರ್ ಬಹುಕಾಲ ಬಾಳುವುದೆಂದು ಹುಡುಗ ಹೇಳಿದನು. ಅದಕ್ಕೆ ಅವನ ಅಜ್ಜಿ ಗುಟ್ಟಾಗಿ ಹಣ ಸೇರಿಸಿದಳು.

ಯಂತ್ರವನ್ನು ಅವನೇ ಜೋಡಿಸಿದನು. ನಾನು ಸ್ಕ್ರೂಗಳನ್ನೆಣಿಸುತ್ತ ಕುಳಿತಿದ್ದೆನು. ಮೈಕ್ರೋಸಾಫ್ಟಿನವರ ಸಿಮ್ಯುಲೇಟರು ನೆಲದ ಚಿತ್ರಗಳನ್ನು ಅಂತರಜಾಲದಿಂದ ತರಿಸಿಕೊಳ್ಳತಕ್ಕದ್ದು. ಹಳ್ಳಿಯ ಜಾಲವೋ ಮಳೆ ಬಂದೊಡನೆ ಮಲಗತಕ್ಕದ್ದು. ಅದಕ್ಕಾಗಿ ಫ್ಲೈಟ್‌ಗಿಯರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡನು. ಭೂಚಿತ್ರಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಅದು ಜಾಲವಿಲ್ಲದೆಯೂ ಹಾರುವುದು.

ಬ್ಯಾರನ್ ರಿಪೇರಿ ಬರುವ ವರ್ಷಕ್ಕೆ ಉಳಿಯಿತು. ಆದರೂ ಮೊದಲ ರಾತ್ರಿ ಹುಡುಗನು ಮಂಡಕಳ್ಳಿಯ ನಿಲ್ದಾಣದಿಂದೆದ್ದು ಪಶ್ಚಿಮಕ್ಕೆ ತಿರುಗಿದಾಗ, ಅಳಿಯಂದಿರು ಊಟದ ಎಲೆ ಹಾಕಿದ್ದರೂ ಏಳಲಿಲ್ಲ. “ಇಷ್ಟು ಬೇಗ ಇಳಿಸಬೇಡ ಕಣೋ, ಕೋಟೆಯ ಕಡೆಗೆ ತಿರುಗಿಸು, ಕಬಿನಿ ಹಿನ್ನೀರು ಮೇಲಿಂದ ಹೇಗೆ ಕಾಣುತ್ತದೋ ನೋಡೋಣ” ಎಂದರು.