ಸೀತಾಳೆ ದಂಡೆ ಮತ್ತು ಸಿಳ್ಳಾರ

ಇವತ್ತು ಬೆಳಗ್ಗೆ ಐದೂಕಾಲಿಗೆ ಪಂಪ್‌ಶೆಡ್ ಹತ್ರ ಸಿಳ್ಳಾರ ಹಕ್ಕಿ ಶುರು ಮಾಡ್ತು. ಗೊತ್ತಿಲ್ಲದೋರು ಕೇಳಿದ್ರೆ ಯಾರೋ ಹುಡುಗ ಅರ್ಧ ರಾಗ ಮರೆತು ಸಿಳ್ಳೆ ಹಾಕ್ತಾ ಹೋಗ್ತಿದಾನೆ ಅಂದ್ಕೋಬೇಕು. ಕಪ್ಪು ಹಕ್ಕಿ, ಬಿಸಿಲು ಬಿದ್ರೆ ಹಣೆ, ಭುಜ ನೀಲಿ ಹೊಳೀತದೆ. ಮಳೆ ಹಿಡಿದ ಮೇಲೆ ಇದರ ಸಿಳ್ಳೆ ಜೋರು. ಮರದ ಮೇಲೆ ಸೀತಾಳೆ ದಂಡೆ ಹೂ ಬಿಡೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಮ್ಮ ಎರಡನ್ನೂ ಸೇರಿಸೇ ಹೇಳೋಳು, "ದಂಡೆ ಬಿಡ್ತು, ಸಿಳ್ಳಾರ ಕೂಗ್ತು, ಇನ್ನು ಸೌದೆ ಒಳಗೆ ಹಾಕಿ" ಅಂತ.

ನಾಲ್ಕು ವರ್ಷದ ಹಿಂದೆ ಹಳ್ಳದ ಬದಿಯ ಹಲಸಿನ ಮರ ಕಡಿಸಿದೆ. ಅಡಿಕೆಗೆ ನೆರಳು ಜಾಸ್ತಿ ಅಂತ ಎಲ್ಲರಿಗೂ ಹೇಳಿದ್ದೆ. ನಿಜ ಅಂದ್ರೆ ಮಗಳ ಮದುವೆ ಸಾಲ. ಆ ಮರದ ಕೊಂಬೇಲಿ ದಂಡೆ ಇತ್ತು, ಕೆಳಗೆ ಬಂಡೆ ಸಂದೀಲಿ ಸಿಳ್ಳಾರದ ಗೂಡು. ಮರ ಬಿದ್ದಿದ್ದು ಸರಿಯಾಗಿ ಆ ಬಂಡೆ ಮೇಲೇ.

ಹಕ್ಕಿ ಎರಡು ಮಳೆಗಾಲ ಕಾಣ್ಲಿಲ್ಲ. ಮೂರನೇ ವರ್ಷ ಪಂಪ್‌ಶೆಡ್ ಗೋಡೆ ಮೇಲೆ ಪಾಚಿ, ಬೇರು ತಂದು ಗೂಡು ಕಟ್ತು. ಹಳ್ಳದಲ್ಲಿ ಏಡಿ, ಹುಳ, ಕಪ್ಪೆ ಸಿಕ್ರೆ ಅದಕ್ಕೆ ಸಾಕು.

ದಂಡೆ ಕತೆ ಬೇರೆ. ನಾನೇ ಅದನ್ನ ಕೊಂಬೆಯಿಂದ ಕಿತ್ತು, ಮಡಕೇಲಿ ಗೊಬ್ಬರ ಮಣ್ಣು ತುಂಬಿ ನೆಟ್ಟು, ದಿನಾ ನೀರು ಹಾಕ್ದೆ. ಒಂದೇ ಮಳೆಗಾಲಕ್ಕೆ ಬೇರು ಕೊಳೀತು ಮಾರಾಯ್ರೆ. ಆಮೇಲೆ ತಿಳಿದದ್ದು, ಅದು ಬಂದಳಿಕೆ ತರ ಮರದ ರಸ ಹೀರೋದಲ್ಲ. ಬೇರಿನ ಮೇಲೆ ಬಿಳಿ ಸ್ಪಂಜಿನಂಥ ಪದರ ಇದೆ, ಮಳೆ ನೀರನ್ನ ಅದೇ ಹಿಡ್ಕೊಳ್ತದೆ, ಆಮೇಲೆ ಗಾಳಿಗೆ ಒಣಗ್ಬೇಕು. ಬೀಜವೋ ಧೂಳು, ಒಳಗೆ ಬುತ್ತಿನೇ ಇಲ್ಲ. ಬಿದ್ದ ಜಾಗದಲ್ಲಿ ಹೊಂದೋ ಶಿಲೀಂಧ್ರ ಸಿಕ್ಕಿ ಅನ್ನ ಕೊಟ್ರೆ ಮೊಳಕೆ, ಇಲ್ಲಾಂದ್ರೆ ಇಲ್ಲ. ಹೂವಿಗೆ ಮತ್ತೆ ವರ್ಷಗಟ್ಟಲೆ ಕಾಯ್ಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋ ನಮಗೆ ಶಿಲೀಂಧ್ರ ಅಂದ್ರೆ ಶತ್ರು ಅಂತ್ಲೇ ಲೆಕ್ಕ.

ಅಸ್ಸಾಮಿನಲ್ಲಿ ಇದು ರಾಜ್ಯದ ಹೂವಂತೆ, ಬಿಹು ಕುಣಿಯೋ ಹೆಣ್ಮಕ್ಕಳು ಮುಡೀತಾರೆ. ಅಮ್ಮನೂ ಮುಡೀತಿದ್ಲು.

ಅವಳಿಗೀಗ ಕಣ್ಣು ಮಂಜು. ಸಿಳ್ಳೆ ಕೇಳಿದ ಕೂಡ್ಲೆ ಒಳಗಿಂದ "ದಂಡೆ ಬಿಡ್ತೇನೋ?" ಅಂತಾಳೆ. ಹೋದ ವರ್ಷ "ಇನ್ನೂ ಮೊಗ್ಗು" ಅಂದಿದ್ದೆ. ಇವತ್ತೂ ಹಾಗೇ ಅಂದೆ.

ಈ ಗಾಳಿಮಳೇಲಿ ನಿಮ್ಮ ತೋಟದಲ್ಲಿ ದಂಡೆ ಇರೋ ಕೊಂಬೆ ಬಿದ್ರೆ ಕೀಳ್ಬೇಡಿ, ಕೊಂಬೆ ಸಮೇತ ಇಟ್ಟಿರಿ. ನಾನೇ ಬಂದು ತರ್ತೀನಿ. ಹಳ್ಳದ ಬದೀಲಿ ಇನ್ನೊಂದು ಮಾವಿನ ಮರ ಇದೆ, ಅದಕ್ಕೆ ಕಟ್ಟಿ ನೋಡ್ಬೇಕು.