ಒರೆಸಿದಷ್ಟೂ ಗೀರು

ಬಯಲುಸೀಮೆಯಲ್ಲಿದ್ದುಕೊಂಡು ಕಪ್ಪು ಕಾರು ಕೊಳ್ಳುವವರಿಗೆ ಒಂದೋ ವೈರಾಗ್ಯವಿರಬೇಕು, ಇಲ್ಲವೇ ಕೈತುಂಬ ಪುರುಸೊತ್ತಿರಬೇಕು. ನಮ್ಮ ಭಾವನಿಗೆ ನಿವೃತ್ತಿಯ ಜೊತೆ ಎರಡನೆಯದು ತಾನಾಗಿ ಒದಗಿತು. ಮಧುಗಿರಿಯಲ್ಲಿ ಮನೆ, ಮನೆಯ ಮುಂದೆ ಜರ್ಮನ್ ಕಂಪನಿಯ ಕಪ್ಪು ಕಾರು, ಸೆಕೆಂಡ್ ಹ್ಯಾಂಡ್. "ಒಂದೇ ಕೈ ಓಡ್ಸಿರೋದು ಸಾರ್, ಎಲ್ಲೂ ಟಚಪ್ ಇಲ್ಲ, ಪೂರ್ತಿ ಕಂಪನಿ ಬಣ್ಣ" ಅಂತ ಬೆಂಗಳೂರಿನ ಬ್ರೋಕರ್ ಒಬ್ಬ ಕೊಡಿಸಿದ್ದು. ಬೆಳಗಿನ ಕಾಫಿಯಾದ ಮೇಲೆ ಹಳೇ ಪಂಚೆಯ ತುಂಡು ಹಿಡಿದು ಭಾವ ಕಾರಿನ ಸುತ್ತ ಪ್ರದಕ್ಷಿಣೆ ಶುರು ಮಾಡಿದರೆ ಪೇಪರಿನವನು ಬಂದುಹೋದದ್ದೂ ಅವರಿಗೆ ಗೊತ್ತಾಗುವುದಿಲ್ಲ.

ಆ ಪಂಚೆಯೇ ಶತ್ರು ಎಂಬುದು ತಿಳಿಯಲು ಅವರಿಗೆ ಒಂದು ವರ್ಷ ಹಿಡಿಯಿತು.

ಮಧುಗಿರಿಯ ದೂಳು ಸಾಮಾನ್ಯದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರದ ಏಕಶಿಲಾ ಬೆಟ್ಟ ಊರಿನ ನೆತ್ತಿಯ ಮೇಲೇ ಕೂತಿದೆ. ಪ್ರವಾಸಿಗಳು ಅದರ ಕೋಟೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ; ಕಾರು ಒರೆಸುವವನು ನೋಡಬೇಕಾದದ್ದು ಅದರ ಪುಡಿಯನ್ನು. ಗ್ರಾನೈಟಿನಲ್ಲಿ ಬೆಣಚು ಇರುತ್ತದೆ. ಖನಿಜಗಳ ಗಡಸುತನ ಅಳೆಯಲು ಜರ್ಮನಿಯ ಮೋಸ್ 1812ರಲ್ಲಿ ಮಾಡಿಟ್ಟ ಒಂದರಿಂದ ಹತ್ತರವರೆಗಿನ ಪಟ್ಟಿಯಲ್ಲಿ ಬೆಣಚಿನದು ಏಳನೇ ಸ್ಥಾನ. ಗಾಜಿನ ಮೇಲೂ ಅದು ಗೀರು ಹಾಕಬಲ್ಲದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಎಷ್ಟು ಗಟ್ಟಿ ಎಂದು ಬಣ್ಣದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವುದು ಯಾವುದರಿಂದ ಗೊತ್ತೆ? ಪೆನ್ಸಿಲಿನಿಂದ. ಮೆತ್ತನೆಯ 6ಬಿಯಿಂದ ಗಟ್ಟಿಯಾದ 9ಎಚ್‌ವರೆಗೆ ಒಂದೊಂದೇ ಪೆನ್ಸಿಲು ಒತ್ತಿ ಎಳೆದು, ಯಾವುದು ಗೀರುತ್ತದೆಂದು ನೋಡುತ್ತಾರೆ. ಕಂಪನಿಯವರು ಎಷ್ಟೇ "ಹಾರ್ಡ್" ಎಂದು ಹೇಳಿಕೊಂಡರೂ ಅದು ಪೆನ್ಸಿಲುಗಳ ಲೋಕದ ಶೌರ್ಯ. ಬೆಟ್ಟದ ಪುಡಿಯನ್ನು ಪಂಚೆಗೆ ಹತ್ತಿಸಿಕೊಂಡು ಬಾನೆಟ್ಟಿನ ಮೇಲೆ ಉಜ್ಜಿದರೆ ಆ ಶೌರ್ಯ ನಡೆಯುವುದಿಲ್ಲ.

ಎದುರು ಮನೆಯವರು ಕಡಲೆಕಾಯಿ ವ್ಯಾಪಾರಿ. ಅವರ ಟಾಟಾ ಏಸಿಗೆ ಜಾಲಿ ಮುಳ್ಳು ಗೀರಿದೆ, ಎಪಿಎಂಸಿ ಗೇಟು ಸವರಿದೆ, ಹಿಂದಿನ ಬಾಗಿಲು ನಜ್ಜಾಗಿದೆ. ಆದರೆ ಬಿಸಿಲಿನಲ್ಲಿ ಎಷ್ಟು ಹುಡುಕಿದರೂ ಒಂದು ಸುರುಳಿ ಗೀರಿಲ್ಲ. ಯಾಕೆಂದರೆ ಅದನ್ನು ಯಾರೂ ಅಕ್ಕರೆಯಿಂದ ಒರೆಸಿಲ್ಲ.

ಸುರುಳಿ ಎಂದೆನಲ್ಲ, ಅದೂ ಕಣ್ಣಿನ ಆಟವೇ. ಮಧ್ಯಾಹ್ನ ಭಾವನ ಬಾನೆಟ್ಟಿನಲ್ಲಿ ಸೂರ್ಯ ಹೊಳೆಯುವ ಚುಕ್ಕೆಯ ಸುತ್ತ ಕೂದಲಿಗಿಂತ ತೆಳ್ಳಗಿನ ನೂರಾರು ಗೆರೆಗಳು ಬಳೆ ಬಳೆಯಾಗಿ ಕಾಣುತ್ತಿದ್ದವು. "ನಾನು ಗುಂಡಗೆ ಒರೆಸೋದೇ ಇಲ್ಲ ಕಣಯ್ಯ, ಉದ್ದಕ್ಕೆ ಒರೆಸ್ತೀನಿ. ಇದೆಲ್ಲಿಂದ ಬಂತು?" ಎಂದು ಭಾವ ಕೇಳಿದರು. ಗೆರೆಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿನ ಚುಕ್ಕೆಗೆ ಅಡ್ಡವಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಸುಮ್ಮನಿರುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಳೆಗಳೂ ಸರಿಯುತ್ತವೆ. ಭಾವ ಸರಿದು ನೋಡಿದರು, ಮತ್ತೆ ಸರಿದರು. ಕಾರಿನ ತುಂಬ ಗೀರುಗಳಿವೆ ಎಂಬುದು ಹಾಗೆ ಖಾತ್ರಿಯಾಗಿ, ಅಂದು ಊಟ ಸರಿಯಾಗಿ ಮಾಡಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಪಂಚೆಯೊಂದರದೇ ಅಲ್ಲ. ಸುತ್ತಲ ತಾಲ್ಲೂಕುಗಳೂ ಕೈಜೋಡಿಸಿದ್ದವು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಗುಡಿಗೆ ಹೋದಾಗ ಬಾನೆಟ್ಟಿಗೆ ಅರಿಶಿನ, ಕುಂಕುಮ, ಗಂಧ. ಮನೆಗೆ ಬಂದ ಮೇಲೆ ಒಣಗಿ ಅಂಟಿದ್ದನ್ನು ಉಗುರಿನಲ್ಲಿ ಕೆರೆಯುವುದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮಕ್ಕಳಂತೆ ಕಾಯುತ್ತಾರೆ; ನೋಡಲು ಹೋಗಲೇಬೇಕಾದ ಜಾಗ. ಆದರೆ ಹುಣಸೆ ಮರದ ನೆರಳು ತಂಪು ಎಂದು ಅಲ್ಲಿ ಕಾರು ನಿಲ್ಲಿಸಬೇಡಿ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿದೆ. ಬಿಸಿಲಿಗೆ ಕಾದ ಬಣ್ಣದ ಮೇಲೆ ಕೂತರೆ ಕ್ಲಿಯರ್ ಕೋಟನ್ನು ತಿಂದು ಗುಳಿ ಮಾಡುತ್ತದೆ. ಪಂಚೆಯ ಗೀರಿಗಿಂತ ಆಳವಾದ ಗುಳಿ.

ಪಾವಗಡದ್ದು ಇನ್ನೊಂದು ಕಥೆ. ಶನಿಮಹಾತ್ಮನ ದರ್ಶನಕ್ಕೆಂದು ಹೋದಾಗ ಭಾವ ಅಲ್ಲೇ ಒಂದು ವಾಟರ್ ಸರ್ವಿಸಿಗೆ ಬಿಟ್ಟು ಕಾರು ತೊಳೆಸಿದರು. ಬೋರಿನ ನೀರು. ಪಾವಗಡದ ಅಂತರ್ಜಲದ ಫ್ಲೋರೈಡ್ ಜನರ ಹಲ್ಲಿನ ಮೇಲೆ ಬರೆದ ಕಂದು ಬರಹವನ್ನು ಎರಡು ತಲೆಮಾರು ಓದಿದೆ. ಅದರ ಮುಂದೆ ಕಾರಿನ ಬಣ್ಣದ ಗೋಳು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ: ಗಡಸು ನೀರು ಬಿಸಿಲಿಗೆ ಆರಿದಾಗ ಪ್ರತಿ ಹನಿಯೂ ಸುಣ್ಣದ ಒಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಉಂಗುರ ಹೋಗಲೆಂದು ಉಜ್ಜಿದರೆ ಮತ್ತೆ ಗೀರು. ಅಲ್ಲಿಂದ ತಿರುಮಣಿ ಕಡೆ ಹೋದರೆ 13,000 ಎಕರೆಯ ಸೋಲಾರ್ ಪಾರ್ಕು, 2,050 ಮೆಗಾವಾಟ್. ಅಷ್ಟು ಗಾಜಿನ ಹಲಗೆಗಳ ಮೇಲೂ ಇದೇ ದೂಳು ಕೂರುತ್ತದೆ, ತೆಗೆಯದಿದ್ದರೆ ಕರೆಂಟು ಇಳಿಯುತ್ತದೆ. ಒರೆಸುವ ಚಿಂತೆ ಭಾವನೊಬ್ಬರದೇ ಅಲ್ಲ ಎಂದು ಅವರಿಗೆ ಸಮಾಧಾನ ಹೇಳಿದೆ. "ಅವರಿಗೆ ಸಂಬಳ ಕೊಡ್ತಾರಯ್ಯ" ಎಂದರು.

ಕೊನೆಗೆ ಶಿರಾದಲ್ಲಿ, ಹೆದ್ದಾರಿಯ ಪಕ್ಕದ ಒಂದು ಶೆಡ್ಡಿನಲ್ಲಿ, ಬೆಂಗಳೂರಿನಲ್ಲಿ ಡೀಟೇಲಿಂಗ್ ಕಲಿತು ಬಂದ ಹುಡುಗನೊಬ್ಬ ಸಿಕ್ಕಿದ. ಕಡಿಮೆ ಮಾತಿನವನು. ಮೊದಲು ಕೈಗೆ ತೆಗೆದುಕೊಂಡದ್ದು ಪಾಲಿಶ್ ಅಲ್ಲ, ಬಣ್ಣದ ದಪ್ಪ ಅಳೆಯುವ ಮೀಟರು. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ನೂರು, ನೂರೈವತ್ತು ಮೈಕ್ರಾನಿನ ಆಸುಪಾಸು ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ ನಲವತ್ತೋ ಐವತ್ತೋ, ತಲೆಗೂದಲಿಗಿಂತ ತೆಳು. ಬಾನೆಟ್ಟು 120 ತೋರಿಸಿತು. ಟಾಪು 115. ಎಡಗಡೆ ಹಿಂದಿನ ಬಾಗಿಲಿಗೆ ಇಟ್ಟಾಗ 270.

ಹುಡುಗ ಇನ್ನೊಂದು ಕಡೆ ಇಟ್ಟು ನೋಡಿದ. 280.

"ಈ ಡೋರ್ ಹೊಡ್ಸಿದೀರ ಅಣ್ಣ?"

"ಇಲ್ಲಪ್ಪ. ಎಲ್ಲೂ ಟಚಪ್ ಇಲ್ಲ."

"ಐತೆ" ಎಂದ ಹುಡುಗ, ಅಷ್ಟೇ.

ಸುರುಳಿ ಗೀರು ತೆಗೆಯುವುದೆಂದರೆ ಹೊಳಪು ಬಳಿಯುವುದು ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ರಸ್ತೆಯ ಗುಂಡಿಯನ್ನು ಮುಚ್ಚದೆ, ಸುತ್ತಲ ರಸ್ತೆಯನ್ನೇ ಗುಂಡಿಯ ತಳದವರೆಗೆ ಕೆತ್ತಿ ಸಮ ಮಾಡಿದಂತೆ. ಒಂದೆರಡು ಮೈಕ್ರಾನ್ ಆಳದ ಗೀರು ಹೋಗಬೇಕಾದರೆ ಇಡೀ ಬಾನೆಟ್ಟಿನ ಮೇಲಿಂದ ಒಂದೆರಡು ಮೈಕ್ರಾನ್ ಹೋಗಬೇಕು. ಹೊಸದಾಗಿ ಬರುವುದು ಏನೂ ಇಲ್ಲ, ಇರುವುದೇ ಖರ್ಚು. ಇದು ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಎಣ್ಣೆಯಂಥ ಗ್ಲೇಜ್ ಸವರಿ ಗೀರು ತುಂಬಿಸಿಬಿಡುವುದು. "ಅದಾದ್ರೆ ಅರ್ಧ ಗಂಟೆ ಕೆಲ್ಸ ಅಣ್ಣ. ಎರಡು ಸಲ ತೊಳದ್ರೆ ಹೋಯ್ತದೆ. ಆಮೇಲೆ ನೀವು ಬಂದು ಬಯ್ತೀರ" ಎಂದ.

ಬಾನೆಟ್ಟಿನ ಮೂಲೆಯಲ್ಲಿ ಎರಡಡಿ ಚೌಕ ಜಾಗಕ್ಕೆ ಟೇಪು ಹಚ್ಚಿ ಪರೀಕ್ಷೆ ಶುರುವಾಯಿತು. ಮೆತ್ತನೆಯ ಸ್ಪಂಜು, ನಯವಾದ ಪಾಲಿಶ್, ನಡುಗುತ್ತ ತಿರುಗುವ ಡಿಎ ಮಿಷನ್ನು. ಸ್ಪಿರಿಟ್ಟಿನಲ್ಲಿ ಒರೆಸಿ ಟಾರ್ಚು ಬಿಟ್ಟರೆ ಗೀರುಗಳು ಹಾಗೇ ಇದ್ದವು. ಸ್ಪಂಜು ಬದಲಾಯಿತು, ಸ್ವಲ್ಪ ಮಾಸಿದವು. ಹುಡುಗ ಕೈ ಒರೆಸಿಕೊಂಡು, "ನಿಮ್ ಬಣ್ಣ ಭಾಳ ಗಟ್ಟಿ ಅಣ್ಣ" ಎಂದ. ಭಾವನ ಮುಖದಲ್ಲಿ ಹೆಮ್ಮೆ ಕಂಡಿತು. ಅದು ಹೊಗಳಿಕೆಯಲ್ಲ, ಬಿಲ್ಲಿನ ಮುನ್ಸೂಚನೆ ಎಂದು ಅವರಿಗೆ ಹೊಳೆಯಲಿಲ್ಲ. ಗೀರಲು ಸುಲಭಕ್ಕೆ ಬಗ್ಗದ ಪದರ, ಬಿದ್ದ ಗೀರನ್ನು ಬಿಟ್ಟುಕೊಡಲೂ ಬಗ್ಗುವುದಿಲ್ಲ. ಕಾರ್ಖಾನೆಯಲ್ಲಿ 140 ಡಿಗ್ರಿ ಆಸುಪಾಸಿನ ಒಲೆಯಲ್ಲಿ ಬೆಂದು ಅದರ ಕಣಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕಂಪನಿಯಿಂದ ಕಂಪನಿಗೆ ಈ ಬಿಗಿ ಬೇರೆ. ಮರ್ಸಿಡಿಸ್ ಬೆಂಜ್‌ನವರು 2003ರಲ್ಲಿ ಸೆರಾಮಿಕ್ ಕಣಗಳನ್ನೇ ಈ ಪದರಕ್ಕೆ ಸೇರಿಸಿದ ಮೇಲೆ ಪಾಲಿಶ್ ಮಾಡುವವರ ರಟ್ಟೆಗೆ ಕೆಲಸ ಇನ್ನೂ ಹೆಚ್ಚಿತು.

ಮೂರನೆಯದಾಗಿ ಮೈಕ್ರೋಫೈಬರ್ ಪ್ಯಾಡು, ಅಲ್ಯೂಮಿನಿಯಂ ಆಕ್ಸೈಡಿನ ಖಡಕ್ ಕಾಂಪೌಂಡು. ಇದು ಮೋಸ್ ಪಟ್ಟಿಯಲ್ಲಿ ಒಂಬತ್ತು, ಬೆಟ್ಟದ ಪುಡಿಗೂ ಮೇಲಿನವನು. ಹುಡುಗ ಮಿಷನ್ನಿನ ಮೇಲೆ ಭಾರ ಹಾಕಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಬಸವನಹುಳು ಹರಿಯುವ ವೇಗದಲ್ಲಿ ನಡೆಸಿದ. ಒಂದು ಚೌಕ ಮುಗಿದೊಡನೆ ಪ್ಯಾಡನ್ನು ಬ್ರಷ್ಷಿನಲ್ಲಿ ಕೆದರಿ, ಕಿತ್ತು ಬಂದ ಬಣ್ಣದ ಬೂದಿಯನ್ನು ಊದಿಬಿಡುತ್ತಿದ್ದ. ಅದು ಪ್ಯಾಡಿನಲ್ಲೇ ಉಳಿದರೆ ಕಾಂಪೌಂಡು ಕೊಯ್ಯುವುದಿಲ್ಲ, ಬರೀ ತೇಲುತ್ತದೆ. ಅಂಗೈ ಇಟ್ಟು ತಗಡು ಕಾದಿದೆಯೇ ಎಂದೂ ನೋಡುತ್ತಿದ್ದ. ಅಂಚು, ಮಡಿಕೆಗಳಿಗೆ ಟೇಪು ಹಚ್ಚಿದ್ದ, ಅಲ್ಲಿ ಬಣ್ಣ ತೆಳುವಾಗಿ ನಿಂತಿರುತ್ತದೆಂದು. ಗೀರು ಹೋಯಿತು. ಅದರ ಜಾಗದಲ್ಲಿ ಕಾಂಪೌಂಡಿನದೇ ಒಂದು ಸಣ್ಣ ಮಬ್ಬು ಉಳಿಯಿತು. ಅದನ್ನು ತೆಗೆಯಲು ಮತ್ತೆ ಮೆತ್ತನೆ ಸ್ಪಂಜು, ಮತ್ತೆ ನಯವಾದ ಪಾಲಿಶ್. ಒಂದು ಬಾನೆಟ್ಟಿಗೇ ಮಧ್ಯಾಹ್ನವಾಯಿತು. ನಡುವೆ ಕರೆಂಟು ಹೋಯಿತು. ಎರಡು ಸಾವಿರ ಮೆಗಾವಾಟು ಪಾವಗಡದಲ್ಲಿ ಹುಟ್ಟುತ್ತಿರುವಾಗ ಮೂವರೂ ಹೊರಗೆ ಬಂದು ಎಳನೀರು ಕುಡಿದೆವು.

ಬ್ರೋಕರನ ಬಾಗಿಲು ಮಾತ್ರ ಎರಡೇ ಸುತ್ತಿಗೆ ಕನ್ನಡಿಯಾಯಿತು. ಗ್ಯಾರೇಜಿನಲ್ಲಿ ಹೊಡೆದ ಬಣ್ಣ, ಕಾರ್ಖಾನೆಯ ಒಲೆಯ ಬಿಸಿ ಕಾಣದ್ದು, ಮೆತ್ತಗಿತ್ತು. ಸಂಜೆಗೆ ನೋಡಿದರೆ ಇಡೀ ಕಾರಿನಲ್ಲಿ ಅತ್ಯಂತ ಚೆಂದ ಹೊಳೆಯುತ್ತಿದ್ದದ್ದು ಆ ಸುಳ್ಳು ಬಾಗಿಲೇ. ಭಾವ ಅದನ್ನು ತುಂಬ ಹೊತ್ತು ನೋಡಿದರು, ಸಿಟ್ಟು ಮಾಡಬೇಕೋ ಬೇಡವೋ ಎಂದು ತಿಳಿಯದೆ.

ಈಗ ಮನೆಯಲ್ಲಿ ಹೊಸ ಕಾನೂನು. ಒಣಬಟ್ಟೆಯಲ್ಲಿ ಕಾರು ಮುಟ್ಟುವಂತಿಲ್ಲ. ತೊಳೆಯುವುದಾದರೆ ಮೊದಲು ಬರೀ ನೀರು ಹಾಯಿಸಿ ದೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗ್ಲೌಸು ಜಾಲಿಸಲು ಬರೀ ನೀರು. ನೆರಳಿನಲ್ಲೇ ತೊಳೆಯಬೇಕು, ಹನಿ ಆರುವ ಮುಂಚೆ ಮೆತ್ತನೆ ಟವೆಲಿನಿಂದ ಒತ್ತಿ ತೆಗೆಯಬೇಕು, ಎಳೆಯಬಾರದು. ಇಷ್ಟೆಲ್ಲ ನೀರು ನಲ್ಲಿಯಲ್ಲಿ ಬರುವುದು ಯಾವಾಗಲೋ ಒಮ್ಮೆ. ಹೀಗಾಗಿ ಬೀದಿಯಲ್ಲೇ ಅತಿ ಮುದ್ದಿನ ಕಾರು ಬೀದಿಯಲ್ಲೇ ಅತಿ ಕೊಳಕಾಗಿ ನಿಂತಿರುತ್ತದೆ. ಕಡಲೆಕಾಯಿ ವ್ಯಾಪಾರಿ ಒಂದು ದಿನ ಬಂದು, "ಯಾಕ್ ಸಾರ್, ಹುಷಾರಿಲ್ವ?" ಎಂದು ವಿಚಾರಿಸಿಕೊಂಡು ಹೋದರು.

ಆಯುಧಪೂಜೆಗೆ ಭಾವನ ತಾಯಿ ಕಾನೂನು ಲೆಕ್ಕಿಸಲಿಲ್ಲ. ಸೆರಗಿನಿಂದ ಬಾನೆಟ್ಟಿನ ದೂಳನ್ನು ಗಸಗಸ ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಹೆಬ್ಬೆರಳೊತ್ತಿ ಕುಂಕುಮ ಇಟ್ಟರು. ಭಾವ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮಾರನೆಯ ವಾರ ಮತ್ತೆ ಶಿರಾ. ಹುಡುಗ ಮೀಟರು ಇಟ್ಟು ನೋಡಿ, ತಲೆ ಕೆರೆದುಕೊಂಡು ಹೇಳಿದ: "ಇನ್ನೊಂದೆರಡು ಸಲ ಮಾಡ್ಬೋದು ಅಣ್ಣ. ಅಷ್ಟರಾಗೆ ಮಾರ್ಬಿಡಿ."